ತೋಟದ ರೈಲು ಮತ್ತು ನಾಲ್ಕು ಋತುಗಳು



ರೈಲುಗಾಡಿಯು ಸಿಳ್ಳು ಹಾಕುತ್ತ ನಿಲ್ದಾಣವನ್ನು ಪ್ರವೇಶಿಸುವಾಗ ಕಣ್ಣರಳಿಸಿ ನೋಡದ ಮಗುವುಂಟೆ? ಬರಿದಾದ ಬೆಂಕಿಪೊಟ್ಟಣಗಳನ್ನು ದಾರದಿಂದ ಪೋಣಿಸಿ, ಬಾಯಿಂದಲೇ ಉಗಿಯ ಸದ್ದು ಮಾಡುತ್ತ, ಜಗುಲಿಯ ಮೇಲೆ ಎಳೆದಾಡದ ಮಗುವೂ ವಿರಳವೇ ಸರಿ. ಅಂತೆಯೇ, "ಪುಸ್ತಕ ಹಿಡಿಯುವ ಹೊತ್ತಿನಲ್ಲಿ ಇದೇನು ಆಟ?" ಎಂದು ಗದರದ ತಂದೆತಾಯಿಗಳೂ ಉಪಾಧ್ಯಾಯರೂ ವಿರಳ. ಹಾಗೆ ಗದರಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಂಡು ಈ ಪಾಠವನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಒಬ್ಬ ಹುಡುಗನು ಶಾಲೆಯ ಹಿಂದಣ ಹೂದೋಟದಲ್ಲಿ ಎರಡು ಕಬ್ಬಿಣದ ತಂತಿಗಳನ್ನು ಸಮಾಂತರವಾಗಿ ಎಳೆದು, ಎರಡು ತುದಿಗಳಿಗೂ ಮೊಳೆ ಹೊಡೆದು, ಅವುಗಳ ಮೇಲೆ ತಗಡಿನ ಡಬ್ಬಿಯ ಗಾಡಿಯೊಂದನ್ನು ಓಡಿಸುತ್ತಿದ್ದನು. ಕಾಲಹರಣವೆಂದು ಬಗೆದ ನಾನು ಆ ತಂತಿಗಳನ್ನು ಅವನ ಕೈಯಿಂದಲೇ ಕೀಳಿಸಿದೆನು. ಕೆಲವು ವಾರಗಳ ತರುವಾಯ ತರಗತಿಯಲ್ಲಿ ಶಾಖದಿಂದ ಘನವಸ್ತುಗಳು ಹಿಗ್ಗುವ ಪಾಠ ಬಂದಿತು. "ರೈಲುಕಂಬಿಗಳ ನಡುವೆ ಸಂದು ಬಿಡುವುದೇಕೆ?" ಎಂದು ಕೇಳಿದೆನು. ಇಡೀ ತರಗತಿಯಲ್ಲಿ ಎದ್ದು ನಿಂತವನು ಅವನೊಬ್ಬನೇ. "ಸಾರ್, ನನ್ನ ತಂತಿ ಬೆಳಿಗ್ಗೆ ನೆಟ್ಟಗಿರುತ್ತಿತ್ತು, ಮಧ್ಯಾಹ್ನ ಬಿಲ್ಲಿನ ಹಾಗೆ ಬಾಗುತ್ತಿತ್ತು" ಎಂದನು. ನಾನು ಮರುದಿನ ಹೇಳಬೇಕೆಂದಿದ್ದುದನ್ನು ಅವನು ಆಗಲೇ ತೋಟದಲ್ಲಿ ಕಲಿತಿದ್ದನು. ಕಲಿಯುತ್ತಿದ್ದುದನ್ನು ನಾನು ಕೀಳಿಸಿದ್ದೆನು.

ಆ ದಿನದಿಂದ ಈ ಆಟದ ವಿಷಯವಾಗಿ ಓದಿ ತಿಳಿದುಕೊಂಡ ಸಂಗತಿಗಳಲ್ಲಿ ಕೆಲವನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

1. ತೋಟದ ರೈಲು ಎಂದರೇನು?

ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಅನೇಕ ಗೃಹಸ್ಥರು ತಮ್ಮ ಮನೆಯ ಹಿತ್ತಿಲಿನಲ್ಲಿ, ಬಯಲಿನಲ್ಲಿಯೇ, ಪುಟ್ಟ ಕಂಬಿಗಳನ್ನು ಹಾಸಿ, ಪುಟ್ಟ ಸೇತುವೆ, ಸುರಂಗ, ನಿಲ್ದಾಣಗಳನ್ನು ಕಟ್ಟಿ, ಕೈಯಲ್ಲಿ ಎತ್ತಬಹುದಾದ ಗಾಡಿಗಳನ್ನು ಓಡಿಸುತ್ತಾರೆ. ಕೋಣೆಯೊಳಗೆ ಮೇಜಿನ ಮೇಲೆ ಓಡುವ ಆಟಿಕೆಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸವೊಂದುಂಟು. ಮೇಜಿನ ಮೇಲೆ ಮಳೆಯಿಲ್ಲ, ಬಿಸಿಲಿಲ್ಲ. ತೋಟದ ರೈಲಾದರೋ ನಿಜವಾದ ರೈಲಿನಂತೆಯೇ ಮಳೆ, ಬಿಸಿಲು, ಗಾಳಿ, ಹಿಮಗಳನ್ನು ಎದುರಿಸಬೇಕು. ಗಾಡಿ ಚಿಕ್ಕದು, ಹವಾಮಾನ ಮಾತ್ರ ದೊಡ್ಡದೇ.

ಇದರ ಪೂರ್ವಚರಿತ್ರೆಯಲ್ಲಿ ಸರ್ ಆರ್ಥರ್ ಹೇವುಡ್ ಎಂಬವರ ಹೆಸರು ಸ್ಮರಣೀಯ. ಅವರು ಇಂಗ್ಲೆಂಡಿನ ಡರ್ಬಿಶೈರಿನ ಡಫೀಲ್ಡ್ ಎಂಬಲ್ಲಿ ತಮ್ಮ ಮನೆಯ ಆವರಣದಲ್ಲಿ 1874ರಲ್ಲಿ 15 ಅಂಗುಲ ಅಗಲದ ರೈಲುದಾರಿಯನ್ನು ಆರಂಭಿಸಿದರು. ಅದು ಆಟಿಕೆಯಲ್ಲ, ಜನರು ಕುಳಿತು ಹೋಗಬಹುದಾದ, ಜಮೀನಿನ ಸಾಮಾನು ಸಾಗಿಸಲು ಯೋಗ್ಯವಾದ ಅತಿ ಕಿರಿದಾದ ದಾರಿ ಯಾವುದೆಂದು ಪರೀಕ್ಷಿಸುವ ಪ್ರಯೋಗ. ಆ ಪ್ರಯೋಗದ ಫಲವಾಗಿ 1896ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಡ್ಯೂಕರ ಈಟನ್ ಹಾಲ್ ಎಸ್ಟೇಟಿನಲ್ಲಿ ಅಂಥದೇ ದಾರಿಯೊಂದು ಬಳಕೆಗೆ ಬಂದಿತು. ನಾರ್ತ್‌ಹ್ಯಾಂಪ್ಟನ್ನಿನಲ್ಲಿ ಬ್ಯಾಸೆಟ್-ಲೋಕ್ ಸಂಸ್ಥೆಯು ಮಾದರಿ ಉಗಿಯಂತ್ರಗಳ ವ್ಯಾಪಾರವನ್ನು ಆರಂಭಿಸಿದ ಮೇಲೆ, ಇನ್ನೂ ಚಿಕ್ಕ ರೈಲುಗಳು ಮಧ್ಯಮವರ್ಗದವರ ತೋಟಗಳಿಗೂ ಬಂದವು. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆಯು ಮಳೆಬಿಸಿಲುಗಳನ್ನು ತಡೆಯಬಲ್ಲ 'ಎಲ್.ಜಿ.ಬಿ.' ಎಂಬ ರೈಲನ್ನು ಮಾರುಕಟ್ಟೆಗೆ ತಂದ ತರುವಾಯ ಈ ಹವ್ಯಾಸವು ಬಹಳವಾಗಿ ಹರಡಿತು.

2. ಅಳತೆಯ ಲೆಕ್ಕ

ಎಲ್.ಜಿ.ಬಿ. ರೈಲಿನಲ್ಲಿ ಎರಡು ಕಂಬಿಗಳ ನಡುವಣ ಅಂತರ 45 ಮಿಲಿಮೀಟರು. ಅದರ ಪ್ರಮಾಣ 22½ಕ್ಕೆ 1. ಅಂದರೆ ನಿಜವಾದ ಗಾಡಿಯ 22½ ಅಡಿಯು ಇಲ್ಲಿ 1 ಅಡಿಯಾಗುತ್ತದೆ. ಈಗ 1 ಮೀಟರನ್ನು 22½ರಿಂದ ಭಾಗಿಸಿರಿ. 44 ಮಿ.ಮೀ.ಗಿಂತ ತುಸು ಹೆಚ್ಚು ಬರುತ್ತದೆ. ಆದುದರಿಂದ ಈ ಪುಟ್ಟ ಕಂಬಿಯು ಮೀಟರ್‌ಗೇಜಿನ ಪ್ರತಿರೂಪ. ಮೇಟ್ಟುಪಾಳೆಯದಿಂದ ಉದಕಮಂಡಲಕ್ಕೆ 46 ಕಿಲೋಮೀಟರು ಏರುವ ನೀಲಗಿರಿಯ ರೈಲುದಾರಿಯೂ ಮೀಟರ್‌ಗೇಜಿನದೇ. ಕೂನೂರಿನವರೆಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ತೆರೆದ ಆ ದಾರಿಯನ್ನು 2005ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗಾಡಿಯನ್ನು 22½ಕ್ಕೆ 1ರಂತೆ ಕುಗ್ಗಿಸಿದರೆ ಅದು ಜರ್ಮನಿಯ ತೋಟದ ಕಂಬಿಯ ಮೇಲೆ ಸರಿಯಾಗಿ ಕುಳಿತುಕೊಳ್ಳುವುದು.

ವೇಗವನ್ನೂ ಇದೇ ರೀತಿ ಕುಗ್ಗಿಸಬೇಕು. ಗಂಟೆಗೆ 30 ಕಿಲೋಮೀಟರು ಓಡುವ ಗಾಡಿಯ ಪ್ರತಿರೂಪವು ಗಂಟೆಗೆ 1⅓ ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು 37 ಸೆಂಟಿಮೀಟರು ಓಡಿದರೆ ಸಾಕು. ಅದು ನಡೆಯುವ ಮನುಷ್ಯನಿಗಿಂತ ನಿಧಾನ. ಹೊಸಬನು ಗಾಡಿಯನ್ನು ಜೋರಾಗಿ ಓಡಿಸಿ ಹಳಿ ತಪ್ಪಿಸುತ್ತಾನೆ. ಬಲ್ಲವನು ನಿಧಾನವಾಗಿ ಓಡಿಸಿ, ಅದರ ಪಕ್ಕದಲ್ಲಿ ತಾನೂ ನಡೆಯುತ್ತ ಆನಂದಿಸುತ್ತಾನೆ.

3. ವಸಂತ: ದಾರಿ ಸರಿಪಡಿಸುವ ಕಾಲ

ನಮಗೆ ಋತುಗಳು ಆರು. ಇಂಗ್ಲೆಂಡಿನವರು ವರ್ಷವನ್ನು ನಾಲ್ಕು ಋತುಗಳಾಗಿ ಎಣಿಸುತ್ತಾರೆ. ಮಾರ್ಚ್ ತಿಂಗಳಲ್ಲಿ ಅಲ್ಲಿ ವಸಂತವು ಆರಂಭವಾದಾಗ ತೋಟದ ರೈಲಿನವನು ಮಾಡುವ ಮೊದಲ ಕೆಲಸ ಗಾಡಿಯನ್ನು ಓಡಿಸುವುದಲ್ಲ, ಮೊಣಕಾಲೂರಿ ಕಂಬಿಯನ್ನು ಪರೀಕ್ಷಿಸುವುದು.

ಚಳಿಗಾಲದಲ್ಲಿ ಮಣ್ಣಿನೊಳಗಣ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರವು ನೂರಕ್ಕೆ 9ರಷ್ಟು ಹೆಚ್ಚುವುದೆಂದು ನೀವು ಓದಿದ್ದೀರಿ. ಅಷ್ಟೇ ಅಲ್ಲ, ಕೆಳಗಣ ತೇವವೂ ಮೇಲಕ್ಕೆ ಸೆಳೆಯಲ್ಪಟ್ಟು ಮಂಜಿನ ಪದರಗಳಾಗಿ ನೆಲವನ್ನು ಮೇಲೆತ್ತುತ್ತದೆ. ಮಂಜು ಕರಗಿದಾಗ ನೆಲ ಕುಸಿಯುತ್ತದೆ. ಆದರೆ ಎಲ್ಲ ಕಡೆಗೂ ಸಮನಾಗಿ ಕುಸಿಯುವುದಿಲ್ಲ. ಒಂದು ಕಂಬಿ ಮೇಲೆ, ಇನ್ನೊಂದು ಕೆಳಗೆ ನಿಲ್ಲುತ್ತದೆ. ಆಗ ರಸಮಟ್ಟವನ್ನಿಟ್ಟು ನೋಡಿ, ತಗ್ಗಿದ ಕಡೆ ಸಣ್ಣ ಜಲ್ಲಿಯನ್ನು ತುಂಬಿ ಸಮಮಾಡಬೇಕು. ದೊಡ್ಡ ರೈಲಿನ ದಾರಿಗೆ ಜಲ್ಲಿ ಹಾಕುವುದೂ ಇಂಥ ಕಾರಣಕ್ಕಾಗಿಯೇ. ಅದು ಭಾರವನ್ನು ಹಂಚುತ್ತದೆ, ನೀರನ್ನು ಬಸಿದು ಬಿಡುತ್ತದೆ, ಸ್ಲೀಪರುಗಳನ್ನು ಅಲುಗಾಡದಂತೆ ಹಿಡಿಯುತ್ತದೆ.

ಇದರೊಡನೆ ಹಕ್ಕಿಗಳ ಕಾಟವುಂಟು. ಕಪ್ಪುಹಕ್ಕಿಗಳು ಹುಳುಗಳನ್ನು ಹುಡುಕುತ್ತ ಹಾವಸೆಯನ್ನೂ ಜಲ್ಲಿಯನ್ನೂ ಕೆದಕಿ ಕಂಬಿಯ ಮೇಲೆ ಎರಚುತ್ತವೆ. ಬಸವನಹುಳು ಕಂಬಿಯ ಮೇಲೆ ಹರಿದ ಜಾಗದಲ್ಲಿ ಲೋಳೆ ಹತ್ತಿ ಗಾಲಿ ಜಾರುತ್ತದೆ.

ಗಿಡ ನೆಡುವುದೂ ಈ ಕಾಲದಲ್ಲಿಯೇ. ಪುಟ್ಟ ರೈಲಿನ ಪಕ್ಕದಲ್ಲಿ ದೊಡ್ಡ ಎಲೆಯ ಗಿಡವು ಶೋಭಿಸುವುದಿಲ್ಲ. ಆದುದರಿಂದ ಕುಬ್ಜ ಜಾತಿಯ ಪೈನ್, ಸ್ಪ್ರೂಸ್ ಮೊದಲಾದ ಸೂಜಿಯೆಲೆಯ ಮರಗಳನ್ನೂ, ನೆಲಕ್ಕೆ ಹರಡುವ ಥೈಮ್ ಬಳ್ಳಿಯನ್ನೂ ನೆಡುತ್ತಾರೆ. ಈ ಕುಬ್ಜ ಮರಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುವವು. ತಂದೆ ನೆಟ್ಟ ಸಸಿಯು ಗಾಡಿಗೆ ತಕ್ಕ ಮರವಾಗುವ ವೇಳೆಗೆ ಮಗನು ಆಳೆತ್ತರ ಬೆಳೆದಿರುತ್ತಾನೆ.

4. ಬೇಸಗೆ: ಕಂಬಿ ಹಿಗ್ಗುವ ಕಾಲ

ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಹಗಲು ಸುಮಾರು 16½ ಗಂಟೆ. ರಾತ್ರಿಯೂಟದ ತರುವಾಯವೂ ಬೆಳಕಿರುತ್ತದೆ. ಗಾಡಿ ಓಡಿಸಲು ಇದೇ ಸುಗ್ಗಿಯ ಕಾಲ. ಆದರೆ ಕಂಬಿಗೆ ಪರೀಕ್ಷೆಯ ಕಾಲ.

ಎಲ್.ಜಿ.ಬಿ. ಕಂಬಿಯು ಹಿತ್ತಾಳೆಯದು. ಹಿತ್ತಾಳೆಯು ಪ್ರತಿ ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 19 ಭಾಗದಷ್ಟು ಹಿಗ್ಗುತ್ತದೆ. ಚಳಿಗಾಲದಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದ ಕಂಬಿಯು ಬೇಸಗೆಯ ಬಿಸಿಲಿನಲ್ಲಿ 45 ಡಿಗ್ರಿಗೆ ಏರಿತೆನ್ನೋಣ. ವ್ಯತ್ಯಾಸ 50 ಡಿಗ್ರಿ. 10 ಮೀಟರು ಉದ್ದದ ದಾರಿಯು ಎಷ್ಟು ಹಿಗ್ಗುವುದು? 10,000 ಮಿ.ಮೀ.ಯನ್ನು 50ರಿಂದಲೂ 19ರಿಂದಲೂ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿರಿ. ಉತ್ತರ 9½ ಮಿ.ಮೀ.

"ಕಿರುಬೆರಳಿನ ಅಗಲವೂ ಇಲ್ಲ, ಇದರಿಂದೇನು ಹಾನಿ?" ಎಂದು ಕೇಳಬಹುದು. ಎರಡು ತುದಿಗಳನ್ನೂ ಬಿಗಿಯಾಗಿ ಹಿಡಿದಿದ್ದೇವೆಂದು ಇಟ್ಟುಕೊಳ್ಳಿರಿ. ಹಿಗ್ಗಿದ ಕಂಬಿಯು ಪಕ್ಕಕ್ಕೆ ಉಬ್ಬಲೇಬೇಕು. ಅದು ನಟ್ಟನಡುವೆ ಮುರಿದ ಎರಡು ನೇರ ಗೆರೆಗಳಂತೆ ಉಬ್ಬಿತೆಂದು ಭಾವಿಸಿದರೆ ಎರಡು ಲಂಬಕೋನ ತ್ರಿಭುಜಗಳು ದೊರೆಯುತ್ತವೆ. ಪ್ರತಿಯೊಂದರ ಪಾದ 5,000 ಮಿ.ಮೀ., ಕರ್ಣ 5,004¾ ಮಿ.ಮೀ. ಪೈಥಾಗೊರಸನ ಪ್ರಮೇಯದಂತೆ ಎತ್ತರವನ್ನು ಕಂಡುಹಿಡಿದರೆ ಸುಮಾರು 218 ಮಿ.ಮೀ. ಬರುತ್ತದೆ! ಒಂದು ಸೆಂಟಿಮೀಟರೂ ಇಲ್ಲದ ಹಿಗ್ಗುವಿಕೆಯು ಕಂಬಿಯನ್ನು ಗೇಣಿನಷ್ಟು ದೂರ ತಳ್ಳಬಲ್ಲದು. ನಿಜವಾದ ಕಂಬಿಯು ಇಷ್ಟು ಚೂಪಾಗಿ ಮುರಿಯದೆ ಬಳುಕುವುದರಿಂದ ಅಳತೆಯಲ್ಲಿ ಹೆಚ್ಚುಕಡಮೆಯಾಗಬಹುದು. ಆದರೆ ಅಪಾಯದ ಸ್ವರೂಪ ಇದೇ. ನಮ್ಮ ಹುಡುಗನ ತಂತಿ ಬಿಲ್ಲಾದುದಕ್ಕೆ ಕಾರಣವೂ ಇದೇ.

ಪರಿಹಾರವು ಸುಲಭ. ದಾರಿಯನ್ನು ಒಂದೊಂದು ಮೀಟರಿನ ಹತ್ತು ತುಂಡುಗಳಾಗಿ ಮಾಡಿ, ಅತಿ ಚಳಿಯ ದಿನ ಹಾಸುವುದಾದರೆ ತುಂಡಿಗೆ ಸುಮಾರು 1 ಮಿ.ಮೀ. ಸಂದು ಬಿಡಬೇಕು. 20 ಡಿಗ್ರಿಯ ದಿನ ಹಾಸುವುದಾದರೆ ಅರ್ಧ ಮಿ.ಮೀ. ಸಾಕು. ಅಂತೂ ಸಂದು ಎಷ್ಟೆಂಬುದು ಆ ದಿನದ ಉಷ್ಣತೆಯನ್ನು ನೋಡಿ ನಿರ್ಧರಿಸತಕ್ಕದ್ದು. ದೊಡ್ಡ ರೈಲಿನ ಹಳೆಯ ದಾರಿಗಳಲ್ಲಿ ಗಾಲಿಗಳು 'ಟಕಟಕ' ಸದ್ದು ಮಾಡುತ್ತಿದ್ದುದು ಇಂಥ ಸಂದುಗಳನ್ನು ದಾಟುವಾಗ. ಈಗ ಉಕ್ಕಿನ ಕಂಬಿಗಳನ್ನು ಉದ್ದುದ್ದವಾಗಿ ಬೆಸೆದು, ಭಾರವಾದ ಸ್ಲೀಪರು ಮತ್ತು ಜಲ್ಲಿಗಳಿಂದ ಅಲುಗದಂತೆ ಬಂಧಿಸುವುದರಿಂದ ಆ ಸದ್ದು ಬಹುಮಟ್ಟಿಗೆ ಮರೆಯಾಗಿದೆ.

ಬೇಸಗೆಯ ಇನ್ನೊಂದು ಎಚ್ಚರಿಕೆ. ಕೆಲವು ಪುಟ್ಟ ಎಂಜಿನುಗಳಲ್ಲಿ ನಿಜವಾದ ಉಗಿಯೇ ಕೆಲಸ ಮಾಡುತ್ತದೆ. ಅವುಗಳ ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 40 ಪೌಂಡಿನಷ್ಟು ಒತ್ತಡವಿರುವುದುಂಟು. ಅದು ಮೀರಿದರೆ ರಕ್ಷಣಾ ಕವಾಟವು ತೆರೆದು ಉಗಿಯನ್ನು ಹೊರಕ್ಕೆ ಬಿಡುತ್ತದೆ. ಸ್ಪಿರಿಟ್ಟಿನಿಂದ ಉರಿಯುವ ಎಂಜಿನಿನ ಜ್ವಾಲೆಯು ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಬೆಂಕಿಯೂ ಸುಡುತ್ತದೆ. ಆದುದರಿಂದ ಹಿರಿಯರಿಲ್ಲದೆ ಮಕ್ಕಳು ಅಂಥ ಎಂಜಿನನ್ನು ಮುಟ್ಟಬಾರದೆಂಬುದು ಅಲ್ಲಿಯ ಕಟ್ಟುನಿಟ್ಟಾದ ನಿಯಮ.

5. ಶರತ್ಕಾಲ: ಎಲೆಯುದುರುವ ಕಾಲ

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅಲ್ಲಿಯ ಮರಗಳು ಹಳದಿ, ಕೆಂಪು, ಕಂದು ಬಣ್ಣಗಳನ್ನು ತಾಳಿ ಎಲೆಗಳನ್ನು ಉದುರಿಸುತ್ತವೆ. ನೋಡುವವರಿಗೆ ಚೆಲುವು; ಗುಡಿಸುವವನಿಗೆ ದುಡಿಮೆ. 10 ಸೆಂಟಿಮೀಟರು ಉದ್ದದ ಒಂದು ಎಲೆಯು ಕಂಬಿಯ ಮೇಲೆ ಬಿದ್ದರೆ, ಪ್ರಮಾಣದಲ್ಲಿ ಅದು ನಿಜವಾದ ರೈಲಿನ ಮುಂದೆ 2¼ ಮೀಟರು ಉದ್ದದ ಹಲಗೆ ಬಿದ್ದಂತೆ.

ಅಷ್ಟಕ್ಕೇ ಮುಗಿಯಲಿಲ್ಲ. ಒದ್ದೆಯೆಲೆಯು ಗಾಲಿಯ ಕೆಳಗೆ ಸಿಕ್ಕಿ ಅರೆದುಹೋದಾಗ ಕಂಬಿಯ ಮೇಲೆ ನುಣುಪಾದ ತೆಳುಪೊರೆಯುಂಟಾಗುತ್ತದೆ. ಘರ್ಷಣೆ ತಗ್ಗುತ್ತದೆ, ಗಾಲಿ ಸುತ್ತುತ್ತದೆ, ಗಾಡಿ ಮುಂದೆ ಹೋಗದು. ತಡೆಯೊತ್ತಿದರೂ ನಿಲ್ಲದು. ಘರ್ಷಣೆಯು ಚಲನೆಗೆ ವಿರೋಧಿಯೆಂದು ಕಂಠಪಾಠ ಮಾಡಿದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಘರ್ಷಣೆಯಿಲ್ಲದೆ ಗಾಡಿಯು ಹೊರಡಲೂ ಆರದು, ನಿಲ್ಲಲೂ ಆರದು. ಬ್ರಿಟನ್ನಿನ ದೊಡ್ಡ ರೈಲುಗಳೂ ಪ್ರತಿ ಶರತ್ಕಾಲದಲ್ಲಿ ಇದೇ ತೊಂದರೆಗೆ ಈಡಾಗುತ್ತವೆ. ಅಲ್ಲಿ ನೀರನ್ನು ರಭಸದಿಂದ ಚಿಮ್ಮಿಸಿ ಕಂಬಿಯನ್ನು ತೊಳೆಯುತ್ತಾರೆ, ಗಾಲಿಯ ಮುಂದೆ ಮರಳನ್ನು ಉದುರಿಸುತ್ತಾರೆ. ತೋಟದಲ್ಲಿ ಒಂದು ಪೊರಕೆ, ಒಂದು ಬಟ್ಟೆ ಸಾಕು. ಆದರೆ ದಿನವೂ ಬೇಕು.

ನಮ್ಮ ಕಡೆಯಲ್ಲಿ ಎಲೆಗಿಂತ ಮಳೆಯೇ ದೊಡ್ಡ ವಿಘ್ನ. ಈಶಾನ್ಯ ಮಾರುತದ ಮಳೆಗೆ ಗುಡ್ಡದ ಮಣ್ಣು ಕುಸಿದು ನೀಲಗಿರಿಯ ಗಾಡಿಯು ನಿಂತುಹೋದ ಸಂದರ್ಭಗಳು ಅನೇಕ. ಋತುವಿಗೆ ತಲೆಬಾಗದ ರೈಲು ಲೋಕದಲ್ಲಿಲ್ಲ.

6. ಚಳಿಗಾಲ: ಉಗಿ ಕಾಣುವ ಕಾಲ

ಡಿಸೆಂಬರಿನಲ್ಲಿ ಲಂಡನ್ನಿನ ಹಗಲು 8 ಗಂಟೆಗಿಂತಲೂ ಕಿರಿದು. ಆದರೂ ಉಗಿಯೆಂಜಿನನ್ನು ಪ್ರೀತಿಸುವವರು ಈ ಕಾಲಕ್ಕಾಗಿ ಕಾದಿರುತ್ತಾರೆ. ಏಕೆಂದರೆ ಅದರ ಸೊಬಗು ಕಾಣುವುದು ಆಗಲೇ. ಉಗಿಯು ನಿಜವಾಗಿ ಕಣ್ಣಿಗೆ ಕಾಣದ ಅನಿಲ. ನಾವು ಬಿಳಿಯ ಉಗಿಯೆಂದು ಕರೆಯುವುದು ಅದು ತಣಿದು ಉಂಟಾದ ನೀರಿನ ಸೂಕ್ಷ್ಮ ಹನಿಗಳ ಮೋಡ. ಬೇಸಗೆಯ ಬೆಚ್ಚನೆಯ ಗಾಳಿಯಲ್ಲಿ ಆ ಹನಿಗಳು ಕ್ಷಣಾರ್ಧದಲ್ಲಿ ಆರಿಹೋಗುತ್ತವೆ. ತಣ್ಣನೆಯ ಗಾಳಿಯಲ್ಲಿ ಅವು ಬಹಳ ಹೊತ್ತು ನಿಲ್ಲುತ್ತವೆ. ಮಾಗಿಯ ಬೆಳಿಗ್ಗೆ ನಮ್ಮ ಉಸಿರು ಕಾಣುವುದೂ ಇದೇ ಕಾರಣದಿಂದ.

ಸೊಬಗಿನೊಡನೆ ಕಷ್ಟಗಳೂ ಬರುತ್ತವೆ. ಅನೇಕ ಎಂಜಿನುಗಳ ಉರುವಲು ಬ್ಯೂಟೇನ್ ಅನಿಲ. ಅದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಕುದಿಯುವ ದ್ರವ. ಹವೆಯು ಅಷ್ಟು ತಣಿದರೆ ಅದು ಅನಿಲವಾಗಲೊಲ್ಲದು, ಒಲೆ ಕುಂದುತ್ತದೆ. ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುವ ಪ್ರೊಪೇನನ್ನು ಬೆರೆಸಿದ ಅನಿಲವನ್ನು ಚಳಿಗಾಲದಲ್ಲಿ ಬಳಸುವುದು ಇದಕ್ಕಾಗಿಯೇ.

ಇನ್ನೊಂದು ಕಷ್ಟವು ಗಣಿತದಿಂದ ಬಂದುದು. ಉದ್ದವನ್ನು 22½ ಪಾಲು ಕುಗ್ಗಿಸಿದರೆ ಮೇಲ್ಮೈ 506 ಪಾಲು, ಗಾತ್ರವು 11,390 ಪಾಲು ಕುಗ್ಗುತ್ತದೆ. ಬಾಯ್ಲರು ಶಾಖವನ್ನು ಹಿಡಿದಿಡುವುದು ಗಾತ್ರದಿಂದ, ಕಳೆದುಕೊಳ್ಳುವುದು ಮೇಲ್ಮೈಯಿಂದ. ಅಂದಮೇಲೆ ಪುಟ್ಟ ಬಾಯ್ಲರು ತನ್ನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದಕ್ಕಿಂತ 22½ ಪಟ್ಟು ಹೆಚ್ಚು ಮೈಯನ್ನು ಚಳಿಗೆ ಒಡ್ಡಿಕೊಂಡಿರುತ್ತದೆ. ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿದ್ದು ಲೋಟದ ನೀರು ಬೇಗ ಆರುವುದು, ಹಸುಗೂಸನ್ನು ತಾಯಿ ಬೆಚ್ಚಗೆ ಸುತ್ತಿಡುವುದು, ಎರಡೂ ಈ ನಿಯಮಕ್ಕೆ ಸೇರಿದ ಸಂಗತಿಗಳೇ. ಪುಟ್ಟ ಬಾಯ್ಲರಿಗೂ ಆದುದರಿಂದ ಮರದ ಪಟ್ಟಿಗಳನ್ನೋ ಬೇರೆ ಶಾಖನಿರೋಧಕವನ್ನೋ ಹೊದಿಸುತ್ತಾರೆ.

ಹಿಮ ಬಿದ್ದ ದಿನ ಮಕ್ಕಳಿಗೆ ಹಬ್ಬ. 20 ಸೆಂಟಿಮೀಟರು ಹಿಮವು ಈ ಗಾಡಿಗೆ 4½ ಮೀಟರಿನ ಗೋಡೆ. ಎಂಜಿನಿನ ಮುಂದೆ ನೇಗಿಲಿನಂಥ ತಗಡನ್ನು ಕಟ್ಟಿ ಹಿಮವನ್ನು ಸೀಳಿಕೊಂಡು ಹೋಗಲು ಯತ್ನಿಸುತ್ತಾರೆ. ಬಹಳ ಸಲ ಸೋಲುತ್ತಾರೆ. ಕೈಯಿಂದ ಹಿಮವನ್ನು ಸರಿಸಿ ಮತ್ತೆ ಯತ್ನಿಸುತ್ತಾರೆ. ಆಟ ಮುಗಿದ ಮೇಲೆ ಬಾಯ್ಲರಿನ ನೀರನ್ನು ಮರೆಯದೆ ಬಸಿಯಬೇಕು. ಮರೆತರೆ ರಾತ್ರಿ ಹೆಪ್ಪುಗಟ್ಟಿದ ನೀರು ತಾಮ್ರದ ಕೊಳವೆಯನ್ನೂ ಸೀಳಬಲ್ಲದು.

7. ಆಟವೋ ಪಾಠವೋ?

ಈಗ ಪೋಷಕರಿಗೆ ಎರಡು ಮಾತು. ಮೇಲೆ ಹೇಳಿದ ಸಾಮಗ್ರಿಗಳು ಬಹಳ ಬೆಲೆಯುಳ್ಳವು. ಅವನ್ನು ಕೊಂಡುಕೊಡಿರೆಂದು ನಾನು ಹೇಳುತ್ತಿಲ್ಲ. ಮಗುವು ಬೆಂಕಿಪೊಟ್ಟಣದ ರೈಲು ಮಾಡಿದಾಗ ಒಂದು ಕ್ಷಣ ತಾಳಿ ನೋಡಿರೆಂದು ಮಾತ್ರ ಬೇಡುತ್ತೇನೆ. ಅದು ನಿಂತುಹೋದರೆ ಏಕೆ ನಿಂತಿತೆಂದು ಮಗು ಯೋಚಿಸುತ್ತಿದೆಯೇ? ಕೆಟ್ಟದ್ದನ್ನು ಮತ್ತೆ ಕಟ್ಟುತ್ತಿದೆಯೇ? ಹಾಗಾದರೆ ಅದು ಓದುತ್ತಿದೆ. ಪುಸ್ತಕ ಮಾತ್ರ ಬೇರೆ.

ತೋಟದ ರೈಲಿನಿಂದ ಕಲಿಯಬೇಕಾದ ದೊಡ್ಡ ಪಾಠವು ಭೌತಶಾಸ್ತ್ರದ್ದೂ ಅಲ್ಲ. ಅಲ್ಲಿ ಗಾಡಿಯನ್ನು ಓಡಿಸುವ ಸಂತೋಷವು ಒಂದು ಪಾಲಾದರೆ ದಾರಿಯನ್ನು ಕಾಯುವ ದುಡಿಮೆಯು ಹಲವು ಪಾಲು. ವಸಂತದಲ್ಲಿ ಸಮಮಾಡಿದ ದಾರಿಯು ಮುಂದಿನ ವಸಂತಕ್ಕೆ ಮತ್ತೆ ಕೆಡುತ್ತದೆ, ಮತ್ತೆ ಸಮಮಾಡಬೇಕು. ಇದರಲ್ಲಿ ಬೇಸರವನ್ನು ಕಾಣದೆ ಸಂತೋಷವನ್ನು ಕಂಡವನೇ ಆ ಆಟವನ್ನು ಬಲ್ಲವನು. ಬಿಸಿಲಿನಲ್ಲಿ, ಮಳೆಯಲ್ಲಿ, ಸುತ್ತಿಗೆ ಹೆಗಲಿಗಿಟ್ಟು ಕಂಬಿಯುದ್ದಕ್ಕೂ ನಡೆಯುವ ರೈಲ್ವೆ ಕೆಲಸಗಾರನನ್ನು ನೀವು ಮುಂದೆ ಕಂಡಾಗ, ಸಾವಿರಾರು ಪ್ರಯಾಣಿಕರ ಪ್ರಾಣವು ಅವನ ಕಣ್ಣಿನಲ್ಲಿದೆಯೆಂದು ನೆನೆದು ಗೌರವಿಸಿರಿ.

ನನ್ನಿಂದ ತಂತಿ ಕೀಳಿಸಿಕೊಂಡ ಹುಡುಗನಿಗೆ ಅಂದೇ ತರಗತಿಯ ಮುಂದೆ, "ನಿನ್ನದು ಸರಿ, ನನ್ನದು ತಪ್ಪು" ಎಂದು ಹೇಳಿದೆನು. ಮರುದಿನ ಎಲ್ಲರೂ ಹೂದೋಟಕ್ಕೆ ಹೋಗಿ ಅವನ ದಾರಿಯನ್ನು ಮತ್ತೆ ಹಾಸಿದೆವು. ಈ ಸಲ ಸಂದು ಬಿಟ್ಟು.

ಮಾಡಿ ನೋಡಿರಿ

1. ಮೂರು ಮೀಟರು ಉದ್ದದ ಕಬ್ಬಿಣದ ತಂತಿಯನ್ನು ಬೆಳಗಿನ ತಂಪಿನಲ್ಲಿ ಎರಡು ಗೂಟಗಳ ನಡುವೆ ಬಿಗಿದು ನಡುವೆ ಒಂದು ಸಣ್ಣ ಕಲ್ಲನ್ನು ತೂಗಹಾಕಿರಿ. ಕಲ್ಲು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಬೆಳಿಗ್ಗೆಯೂ ಮಧ್ಯಾಹ್ನವೂ ಅಳೆಯಿರಿ.

2. ಸಮನಾಗಿ ಬಿಸಿಯಾದ ನೀರನ್ನು ಒಂದು ಲೋಟದಲ್ಲಿಯೂ ಒಂದು ಕೊಡದಲ್ಲಿಯೂ ತುಂಬಿಟ್ಟು, ಅರ್ಧ ಗಂಟೆಯ ಮೇಲೆ ಹಿರಿಯರ ಸಮ್ಮುಖದಲ್ಲಿ ಉಷ್ಣತೆಯನ್ನು ನೋಡಿರಿ.

ಪ್ರಶ್ನೆಗಳು

1. 13 ಮೀಟರು ಉದ್ದದ ಉಕ್ಕಿನ ಕಂಬಿಯು 40 ಡಿಗ್ರಿ ಕಾದರೆ ಎಷ್ಟು ಹಿಗ್ಗುವುದು? (ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ.)

2. ಘರ್ಷಣೆಯು ಶತ್ರುವೋ ಮಿತ್ರನೋ? ಎರಡು ಉದಾಹರಣೆಗಳೊಡನೆ ವಿವರಿಸಿರಿ.

3. ನಿಮ್ಮ ಮನೆಯಲ್ಲಿ ಪ್ರತಿ ವರ್ಷವೂ ಕೆಡುವ, ಪ್ರತಿ ವರ್ಷವೂ ಸರಿಪಡಿಸಬೇಕಾದ ವಸ್ತು ಯಾವುದು? ಅದನ್ನು ಸರಿಪಡಿಸುವವರು ಯಾರು? ಅವರಿಗೆ ನೀವು ಹೇಗೆ ನೆರವಾಗಬಲ್ಲಿರಿ?